ಸ್ಕ್ಯಾಲಪ್: ಮರಳಿನೊಳಗೆ ಅಡಗದ ಕಪ್ಪೆಚಿಪ್ಪು

ಪ್ರಾಣಿಗಳ ವರ್ಗೀಕರಣದ ಪಾಠದಲ್ಲಿ ಮೃದ್ವಂಗಿಗಳಿಗೆ ದೊರೆಯುವ ಸ್ಥಳ ಬಹಳ ಚಿಕ್ಕದು. ಮೃದುವಾದ ದೇಹ, ಸುಣ್ಣದಿಂದಾದ ಚಿಪ್ಪು, ಸ್ನಾಯುಯುಕ್ತ ಪಾದ, ಕಿವಿರುಗಳಿಂದ ಉಸಿರಾಟ ಎಂಬ ನಾಲ್ಕೈದು ಲಕ್ಷಣಗಳನ್ನು ಹೇಳಿ, ಬಸವನಹುಳು, ಕಪ್ಪೆಚಿಪ್ಪು, ಆಕ್ಟೋಪಸ್ ಎಂದು ಮೂರು ಉದಾಹರಣೆಗಳನ್ನು ಕೊಟ್ಟು ನಾವು ಮುಂದಿನ ವಂಶಕ್ಕೆ ಸಾಗುತ್ತೇವೆ. ವಿದ್ಯಾರ್ಥಿಯು ಈ ಪಟ್ಟಿಯನ್ನು ಕಂಠಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಆದರೆ "ಚಿಪ್ಪು ಏಕೆ ಇದೆ? ಪಾದ ಏಕೆ ಬೇಕು?" ಎಂದು ಕೇಳಿದರೆ ಮೌನವೇ ಉತ್ತರವಾಗುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಅನೇಕ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ತೆಲುಗು ಅಥವಾ ತಮಿಳನ್ನು ಆಡುತ್ತಾರೆ. ಶಾಲೆಯ ಕನ್ನಡವು ಅವರಿಗೆ ಬಹುಮಟ್ಟಿಗೆ ಪದಗಳ ಕನ್ನಡವಾಗಿ ಒದಗುತ್ತದೆ. ಒಂದು ಸಂಗತಿಯನ್ನು ಇನ್ನೊಂದಕ್ಕೆ ಜೋಡಿಸುವ "ಆದ್ದರಿಂದ", "ಏಕೆಂದರೆ", "ಹೀಗಿದ್ದರೂ" ಎಂಬ ಮಾತುಗಳು ಅವರ ಬರವಣಿಗೆಗೆ ಸುಲಭವಾಗಿ ಇಳಿಯುವುದಿಲ್ಲ. ಪಟ್ಟಿಯನ್ನು ಕಲಿಸಿದಷ್ಟೂ ಈ ಕೊರತೆ ಬೆಳೆಯುತ್ತದೆ. ಕಾರಣವನ್ನು ಕಲಿಸಿದರೆ ವಿಜ್ಞಾನವೂ ಭಾಷೆಯೂ ಒಟ್ಟಿಗೆ ಬರುತ್ತವೆ. ಈ ಉದ್ದೇಶಕ್ಕೆ ತಕ್ಕ ಒಂದು ಪ್ರಾಣಿಯನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಅದರ ದೇಹದ ಬಹುತೇಕ ವಿಶೇಷಗಳು ಒಂದೇ ಸಂಗತಿಯಿಂದ ಹೊರಡುತ್ತವೆ: ಅದು ಕಪ್ಪೆಚಿಪ್ಪುಗಳ ವರ್ಗಕ್ಕೆ ಸೇರಿದ್ದರೂ ಮರಳಿನೊಳಗೆ ಅಡಗುವುದಿಲ್ಲ.

ಹೆಸರು ಮತ್ತು ಬಂಧುಬಳಗ

ಎರಡು ಹೋಳುಗಳ ಚಿಪ್ಪುಳ್ಳ ಮೃದ್ವಂಗಿಗಳನ್ನು ದ್ವಿಕವಾಟಿಗಳೆಂದು ಕರೆಯುತ್ತೇವೆ. ಕವಾಟವೆಂದರೆ ಬಾಗಿಲು, ಎರಡು ಬಾಗಿಲುಗಳು ಒಂದು ಕೀಲಿನಲ್ಲಿ ಕೂಡಿಕೊಂಡಿವೆ ಎಂಬ ಅರ್ಥ ಈ ಪದದಲ್ಲಿಯೇ ಇದೆ. ಕನ್ನಡದ ಚಿಪ್ಪು, ತಮಿಳಿನ ಚಿಪ್ಪಿ, ತೆಲುಗಿನ ಆಲ್ಚಿಪ್ಪ, ಕನ್ನಡದ ಸಿಂಪಿ, ಮರಾಠಿಯ ಶಿಂಪಲಾ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಒಟ್ಟಿಗೆ ಬರೆದರೆ, ಸೊಲ್ಲಾಪುರದ ಮಗುವಿಗೂ ಆದೋನಿಯ ಮಗುವಿಗೂ ತನ್ನ ಮನೆಮಾತು ಪಾಠದ ಹೊರಗೆ ಉಳಿದಿಲ್ಲವೆಂಬುದು ತಿಳಿಯುತ್ತದೆ. ಕಾಸರಗೋಡಿನ ಮಕ್ಕಳು ಮರುವಾಯಿಯನ್ನೂ ಕಲ್ಲುಮ್ಮಕ್ಕಾಯಿಯನ್ನೂ ಅಡುಗೆಮನೆಯಲ್ಲಿ ಕಂಡಿರುತ್ತಾರೆ. ಗೋವೆಯ ಮಕ್ಕಳಿಗೆ ತಿಸ್ರ್ಯೊ ಪರಿಚಿತ. ಇವೆಲ್ಲವೂ ದ್ವಿಕವಾಟಿಗಳೇ.

ಸ್ಕ್ಯಾಲಪ್ ಈ ವರ್ಗದ ಒಂದು ಕುಟುಂಬ. ಅದಕ್ಕೆ ಕನ್ನಡದಲ್ಲಿ ರೂಢಿಯಾದ ಹೆಸರಿಲ್ಲದ ಕಾರಣ ಸ್ಕ್ಯಾಲಪ್ ಎಂದೇ ಬಳಸುವುದು ಸೂಕ್ತ. ಇದರ ಮುನ್ನೂರಕ್ಕೂ ಹೆಚ್ಚು ಜೀವಂತ ಪ್ರಭೇದಗಳು ಜಗತ್ತಿನ ಸಮುದ್ರಗಳಲ್ಲಿವೆ. ಇವುಗಳಲ್ಲಿ ಒಂದರ ವೈಜ್ಞಾನಿಕ ಹೆಸರಿನಲ್ಲಿ ತಮಿಳುನಾಡಿನ ಊರೊಂದು ಅಡಗಿದೆ. ವೋಲಾಕ್ಲಾಮಿಸ್ ಟ್ರಾಂಕ್ವಿಬೇರಿಯಾ ಎಂಬ ಆ ಹೆಸರಿನ ಎರಡನೆಯ ಭಾಗವು, ಡೇನರು ಟ್ರಾಂಕ್ವಿಬಾರ್ ಎಂದು ಕರೆಯುತ್ತಿದ್ದ ತರಂಗಂಬಾಡಿಯಿಂದ ಬಂದುದು. ಕುಟುಂಬಕ್ಕೆ ಹೆಸರನ್ನು ಕೊಟ್ಟ ಪೆಕ್ಟೆನ್ ಎಂಬ ಲ್ಯಾಟಿನ್ ಪದಕ್ಕೆ ಬಾಚಣಿಗೆ ಎಂದು ಅರ್ಥ. ಚಿಪ್ಪಿನ ಮೇಲೆ ಕೀಲಿನಿಂದ ಅಂಚಿನವರೆಗೆ ಬೀಸಣಿಗೆಯ ಮಡಿಕೆಗಳಂತೆ ಹರಡಿದ ಏಣುಗಳೇ ಈ ಹೆಸರಿಗೆ ಕಾರಣ. ಕೀಲಿನ ಎರಡು ಬದಿಗಳಲ್ಲಿ ಕಿವಿಗಳಂತೆ ಚಾಚಿದ ಎರಡು ಭಾಗಗಳೂ ಇರುತ್ತವೆ.

ಸಮುದ್ರವನ್ನೇ ಕಾಣದ ಮಕ್ಕಳೂ ಈ ಆಕಾರವನ್ನು ಕಂಡಿರುವ ಸಾಧ್ಯತೆಯಿದೆ. ಹೆದ್ದಾರಿಗಳ ಬದಿಯಲ್ಲಿರುವ ಶೆಲ್ ಕಂಪನಿಯ ಪೆಟ್ರೋಲ್ ಬಂಕುಗಳ ಮೇಲಿನ ಹಳದಿ ಚಿಪ್ಪು ಸ್ಕ್ಯಾಲಪ್ಪಿನದೇ. ಆ ಕಂಪನಿಯು 1904ರಿಂದ ಈ ಚಿಹ್ನೆಯನ್ನು ಬಳಸುತ್ತಿದೆ.

ಒಂದು ನೆಲೆ, ಹಲವು ಪರಿಣಾಮಗಳು

ದ್ವಿಕವಾಟಿಗಳಿಗೆ ತಲೆಯೆಂಬ ಪ್ರತ್ಯೇಕ ಭಾಗವಿಲ್ಲ. ಅವು ಬೇಟೆಯಾಡುವುದೂ ಅಪರೂಪ. ಹೆಚ್ಚಿನವು ಕಿವಿರುಗಳ ಮೂಲಕ ನೀರನ್ನು ಸೋಸಿ, ಅದರಲ್ಲಿರುವ ಸೂಕ್ಷ್ಮ ಸಸ್ಯಪ್ಲವಕಗಳನ್ನು ಆಹಾರವಾಗಿ ಪಡೆಯುತ್ತವೆ. ಆಹಾರವು ನೀರಿನೊಡನೆ ತಾನಾಗಿಯೇ ಬರುವುದರಿಂದ ಇವು ಅಲೆದಾಡಬೇಕಾಗಿಲ್ಲ. ಆದರೆ ಶತ್ರುಗಳಿಂದ ಉಳಿಯಬೇಕು. ಇದಕ್ಕೆ ಬಂಧುಬಳಗವು ಬೇರೆ ಬೇರೆ ದಾರಿಗಳನ್ನು ಹಿಡಿದಿದೆ. ಮರುವಾಯಿಯು ಪಾದದಿಂದ ಮರಳನ್ನು ಅಗೆದು ಒಳಗೆ ಇಳಿಯುತ್ತದೆ. ಕಲ್ಲುಮ್ಮಕ್ಕಾಯಿಯು ತಾನೇ ಸ್ರವಿಸಿದ ಗಟ್ಟಿ ಎಳೆಗಳಿಂದ ಬಂಡೆಗೆ ಅಂಟಿಕೊಳ್ಳುತ್ತದೆ. ಕಾಸರಗೋಡು ಜಿಲ್ಲೆಯ ದಕ್ಷಿಣದ ಹಿನ್ನೀರಿನಲ್ಲಿ ಅದನ್ನು ಹಗ್ಗಗಳ ಮೇಲೆ ಬೆಳೆಸಲು ಸಾಧ್ಯವಾಗಿರುವುದು ಈ ಎಳೆಗಳಿಂದಲೇ. ಆಯ್‌ಸ್ಟರ್ ಎಂಬ ಸಿಂಪಿಯು ತನ್ನ ಚಿಪ್ಪನ್ನೇ ಬಂಡೆಗೆ ಗಾರೆಯಂತೆ ಬೆಸೆದುಕೊಳ್ಳುತ್ತದೆ.

ಬೆಳೆದ ಸ್ಕ್ಯಾಲಪ್ ಸಾಮಾನ್ಯವಾಗಿ ಈ ಮೂರನ್ನೂ ಮಾಡುವುದಿಲ್ಲ. ಅದು ಸಮುದ್ರತಳದ ಮೇಲ್ಮೈಯಲ್ಲಿ ಮಲಗಿರುತ್ತದೆ. ಕೆಲವು ಪ್ರಭೇದಗಳು ಮರಳಿನಲ್ಲಿ ಆಳವಿಲ್ಲದ ಕುಳಿಯನ್ನು ಮಾಡಿಕೊಂಡು ಕುಳಿತರೂ ಮರುವಾಯಿಯಂತೆ ಒಳಕ್ಕೆ ಇಳಿಯುವುದಿಲ್ಲ. ಬಂಡೆಗೆ ಅಂಟಿಕೊಂಡೇ ಬಾಳುವ ಸ್ಕ್ಯಾಲಪ್‌ಗಳೂ ಕೆಲವು ಇವೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಜೀವಲೋಕದ ನಿಯಮಗಳು ಗಣಿತದ ನಿಯಮಗಳಷ್ಟು ಬಿಗಿಯಲ್ಲ. ಆದರೆ ಬಹುಪಾಲು ಸ್ಕ್ಯಾಲಪ್‌ಗಳು ಬಯಲಿನಲ್ಲಿ ಬದುಕುತ್ತವೆ. ಬಯಲಿನಲ್ಲಿ ಬದುಕುವ ಪ್ರಾಣಿಗೆ ಎರಡು ಸಾಮರ್ಥ್ಯಗಳು ಬೇಕು: ಅಪಾಯವನ್ನು ಮೊದಲೇ ಅರಿಯುವುದು ಮತ್ತು ಅಲ್ಲಿಂದ ಪಾರಾಗುವುದು. ಅದರ ದೇಹವನ್ನು ಈ ಎರಡು ಅಗತ್ಯಗಳ ಬೆಳಕಿನಲ್ಲಿ ನೋಡೋಣ.

ಪಾರಾಗುವ ಬಗೆ

ಮರುವಾಯಿಯ ಚಿಪ್ಪನ್ನು ಮುಚ್ಚುವುದಕ್ಕೆ ಎರಡು ಸ್ನಾಯುಗಳಿವೆ. ಸ್ಕ್ಯಾಲಪ್ಪಿನಲ್ಲಿ ಒಂದೇ ಇದೆ. ಅದು ದೊಡ್ಡದಾಗಿ ಚಿಪ್ಪಿನ ನಡುಭಾಗದ ಕಡೆಗೆ ಸರಿದಿದೆ. ಈ ಸ್ನಾಯುವಿನಲ್ಲಿ ಎರಡು ಭಾಗಗಳನ್ನು ಕಾಣಬಹುದು. ದೊಡ್ಡ ಭಾಗವು ಪಟ್ಟೆಯುಳ್ಳ ಸ್ನಾಯು; ಅದು ಬಹು ವೇಗವಾಗಿ ಸಂಕುಚಿಸುತ್ತದೆ, ಬೇಗ ದಣಿಯುತ್ತದೆ. ಚಿಕ್ಕ ಭಾಗವು ನಯಸ್ನಾಯು. ಅದು ನಿಧಾನ, ಆದರೆ ಹೆಚ್ಚು ಶಕ್ತಿಯನ್ನು ವ್ಯಯಿಸದೆ ಚಿಪ್ಪನ್ನು ಬಹಳ ಹೊತ್ತು ಮುಚ್ಚಿ ಹಿಡಿಯಬಲ್ಲದು. ಸ್ನಾಯು ಅಂಗಾಂಶದ ಪಾಠದಲ್ಲಿ ಮಕ್ಕಳು ಈ ಎರಡು ವಿಧಗಳನ್ನು ಓದುತ್ತಾರೆ. ಒಂದು ಓಡುವುದಕ್ಕೆ, ಇನ್ನೊಂದು ಬಾಗಿಲು ಹಾಕಿಕೊಂಡು ಕೂಡುವುದಕ್ಕೆ ಎಂದು ಇಲ್ಲಿ ಅವು ಒಂದೇ ಅಂಗದಲ್ಲಿ ಅಕ್ಕಪಕ್ಕದಲ್ಲಿವೆ.

ಮುಚ್ಚುವುದಕ್ಕೆ ಸ್ನಾಯುವಿದೆ, ತೆರೆಯುವುದಕ್ಕೆ? ಯಾವ ದ್ವಿಕವಾಟಿಗೂ ಚಿಪ್ಪನ್ನು ತೆರೆಯುವ ಸ್ನಾಯುವಿಲ್ಲ. ಸ್ಕ್ಯಾಲಪ್ಪಿನ ಕೀಲಿನ ಒಳಗೆ ಅಬ್ಡಕ್ಟಿನ್ ಎಂಬ ಪ್ರೋಟೀನಿನಿಂದಾದ, ರಬ್ಬರಿನಂತಹ ಒಂದು ಚಿಕ್ಕ ಗುಬುಟಿದೆ. ಚಿಪ್ಪು ಮುಚ್ಚಿದಾಗ ಅದು ಅದುಮಿಕೊಳ್ಳುತ್ತದೆ. ಸ್ನಾಯು ಸಡಿಲವಾದೊಡನೆ ಹಿಗ್ಗಿ ಚಿಪ್ಪನ್ನು ತೆರೆಯುತ್ತದೆ. ಕಲ್ಲುಮ್ಮಕ್ಕಾಯಿಯನ್ನು ಬೇಯಿಸಿದಾಗ ಚಿಪ್ಪು ತಾನಾಗಿಯೇ ಬಾಯಿ ತೆರೆಯುವುದನ್ನು ಕರಾವಳಿಯ ಮಕ್ಕಳು ಕಂಡಿದ್ದಾರೆ. ಅದರ ಕಾರಣವೂ ಇದೇ ಬಗೆಯದು: ಶಾಖದಿಂದ ಸ್ನಾಯುವಿನ ಹಿಡಿತ ತಪ್ಪುತ್ತದೆ, ಕೀಲಿನ ಸ್ಥಿತಿಸ್ಥಾಪಕ ಭಾಗವು ಚಿಪ್ಪನ್ನು ತೆರೆಯುತ್ತದೆ.

ಈ ಎರಡು ಭಾಗಗಳ ಸಹಕಾರದಿಂದ ಸ್ಕ್ಯಾಲಪ್ ಈಜುತ್ತದೆ. ಚಿಪ್ಪು ತೆರೆದಾಗ ನೀರು ಒಳಬರುತ್ತದೆ. ಪಟ್ಟೆಸ್ನಾಯು ಚಪ್ಪಾಳೆ ತಟ್ಟಿದಂತೆ ಚಿಪ್ಪನ್ನು ಮುಚ್ಚುತ್ತದೆ. ಆಗ ಚಿಪ್ಪಿನೊಳಗಿನ ಹೊದಿಕೆಯ ಅಂಚು ಪರದೆಯಂತೆ ಇಳಿದು ಮುಂಬಾಯಿಯನ್ನು ತಡೆಯುವುದರಿಂದ, ನೀರು ಕೀಲಿನ ಎರಡು ಬದಿಗಳಲ್ಲಿರುವ ಸಂದುಗಳಿಂದ ಹಿಂದಕ್ಕೆ ಚಿಮ್ಮುತ್ತದೆ. ನೀರು ಹಿಂದಕ್ಕೆ, ಪ್ರಾಣಿ ಮುಂದಕ್ಕೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದೊಂದು ಜೀವಂತ ಉದಾಹರಣೆ. ಬಾಯಿಯನ್ನು ಮುಂದೆ ಮಾಡಿ ಚಲಿಸುವ ಅದು ನೀರನ್ನು ಕಚ್ಚಿ ಕಚ್ಚಿ ಸಾಗುವಂತೆ ತೋರುತ್ತದೆ. ಹಠಾತ್ತಾಗಿ ಬೆದರಿದಾಗ ಮಾತ್ರ ನೀರನ್ನು ಮುಂಬಾಯಿಯಿಂದಲೇ ಚಿಮ್ಮಿಸಿ, ಕೀಲನ್ನು ಮುಂದಾಗಿಸಿ ಹಿಮ್ಮುಖವಾಗಿ ಹಾರುತ್ತದೆ. ಆದರೆ ಈ ಓಟ ದೀರ್ಘವಲ್ಲ. ಕೆಲವು ಚಪ್ಪಾಳೆಗಳ ಬಳಿಕ ಸ್ನಾಯು ದಣಿದು ಪ್ರಾಣಿ ಮತ್ತೆ ತಳಕ್ಕೆ ಇಳಿಯುತ್ತದೆ. ಅದು ಊರೂರು ಸುತ್ತುವ ಈಜಲ್ಲ. ಶತ್ರುವಿನ ಕೈಗೆಟುಕದಷ್ಟು ದೂರ ಸರಿಯುವ ಈಜು.

ಅರಿಯುವ ಬಗೆ

ಸ್ಕ್ಯಾಲಪ್ಪಿನ ಮುಖ್ಯ ಶತ್ರುಗಳಲ್ಲಿ ನಕ್ಷತ್ರಮೀನು ಒಂದು. ಅದರ ಸ್ಪರ್ಶವಾದೊಡನೆ, ಅದರ ದೇಹದಿಂದ ಹೊರಡುವ ರಾಸಾಯನಿಕಗಳನ್ನು ಗುರುತಿಸಿ ಸ್ಕ್ಯಾಲಪ್ ಹಾರಿಹೋಗುತ್ತದೆ. ಇದಲ್ಲದೆ ಅದಕ್ಕೆ ಕಣ್ಣುಗಳೂ ಇವೆ. ತಲೆಯಿಲ್ಲದ ಪ್ರಾಣಿಗೆ ಕಣ್ಣುಗಳು ಎಲ್ಲಿ? ಹೊದಿಕೆಯ ಅಂಚಿನುದ್ದಕ್ಕೂ, ಮಣಿಗಳನ್ನು ಪೋಣಿಸಿದಂತೆ. ಸುಮಾರು ಒಂದು ಮಿಲಿಮೀಟರ್ ಗಾತ್ರದ ಈ ಕಣ್ಣುಗಳ ಸಂಖ್ಯೆ ಕೆಲವು ಪ್ರಭೇದಗಳಲ್ಲಿ 200ರವರೆಗೂ ಇರುತ್ತದೆ.

ನಮ್ಮ ಕಣ್ಣಿನಲ್ಲಿ ಕಾರ್ನಿಯಾ ಮತ್ತು ಮಸೂರ ಬೆಳಕನ್ನು ಬಾಗಿಸಿ ಅಕ್ಷಿಪಟದ ಮೇಲೆ ಬಿಂಬವನ್ನು ಮೂಡಿಸುತ್ತವೆ. ಸ್ಕ್ಯಾಲಪ್ಪಿನ ಕಣ್ಣಿನಲ್ಲಿ ಮಸೂರವಿದ್ದರೂ ಬಿಂಬವನ್ನು ಮೂಡಿಸುವ ಮುಖ್ಯ ಕೆಲಸ ಅದರದಲ್ಲ. ಬೆಳಕು ಮಸೂರವನ್ನೂ ಅಕ್ಷಿಪಟವನ್ನೂ ದಾಟಿ ಕಣ್ಣಿನ ಹಿಂಭಾಗಕ್ಕೆ ಹೋಗುತ್ತದೆ. ಅಲ್ಲಿ ನಿಮ್ನ ದರ್ಪಣವೊಂದಿದೆ. ಅದರಿಂದ ಪ್ರತಿಫಲಿಸಿದ ಬೆಳಕು ಹಿಂದಿರುಗಿ ಅಕ್ಷಿಪಟದ ಮೇಲೆ ಬಿಂಬವಾಗುತ್ತದೆ. ಬ್ರಿಟನ್ನಿನ ಜೀವಶಾಸ್ತ್ರಜ್ಞ ಮೈಕೆಲ್ ಲ್ಯಾಂಡ್ ಅವರು ಸೂಕ್ಷ್ಮದರ್ಶಕದ ಮೂಲಕ ಈ ಕಣ್ಣಿನೊಳಗೆ ನೋಡಿದಾಗ ತಲೆಕೆಳಗಾದ ಬಿಂಬವನ್ನು ಕಂಡರು. ಅಂತಹ ಬಿಂಬವನ್ನು ಹಿಂಭಾಗದ ದರ್ಪಣವೇ ಮೂಡಿಸುತ್ತಿರಬೇಕೆಂಬುದನ್ನು ಅವರು 1965ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸ್ಥಾಪಿಸಿದರು. ದೂರದ ನಕ್ಷತ್ರಗಳನ್ನು ನೋಡುವ ಪ್ರತಿಫಲನ ದೂರದರ್ಶಕದ ತತ್ತ್ವವೂ ಇದೇ.

ಆ ದರ್ಪಣವು ಯಾವುದರಿಂದ ಆದುದು? ಗ್ವಾನಿನ್ ಎಂಬ ವಸ್ತುವಿನ ಹರಳುಗಳಿಂದ. ಮೀನಿನ ಮೈಗೆ ಬೆಳ್ಳಿಯ ಹೊಳಪನ್ನು ಕೊಡುವುದೂ ಇದೇ ವಸ್ತು. ಡಿಎನ್‌ಎ ರಚನೆಯ ನಾಲ್ಕು ಪ್ರತ್ಯಾಮ್ಲಗಳಲ್ಲಿ ಇದೂ ಒಂದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಹರಳುಗಳು ಚೌಕಾಕಾರದ ತೆಳು ಬಿಲ್ಲೆಗಳಾಗಿ, ನೆಲಕ್ಕೆ ಹಾಸಿದ ಹೆಂಚುಗಳಂತೆ ಒತ್ತಾಗಿ ಜೋಡಿಸಿಕೊಂಡು, 20ರಿಂದ 30 ಪದರಗಳಲ್ಲಿ ದರ್ಪಣವನ್ನು ಕಟ್ಟುವುದನ್ನು ತೋರಿಸಿತು. ಪ್ರತಿ ಕಣ್ಣಿಗೂ ಎರಡು ಅಕ್ಷಿಪಟಗಳಿವೆ. ಒಂದು ಬೆಳಕು ಹೆಚ್ಚಿದಾಗ, ಇನ್ನೊಂದು ಬೆಳಕು ಕುಂದಿದಾಗ ಪ್ರತಿಕ್ರಿಯಿಸುತ್ತದೆ. ಹತ್ತಿರ ಬರುವ ಶತ್ರುವಿನ ನೆರಳು ಬಿದ್ದೊಡನೆ ಚಿಪ್ಪು ಮುಚ್ಚಿಕೊಳ್ಳುವುದು ಇದರಿಂದ ಸಾಧ್ಯವಾಗಿದೆ.

ಮರಳಿನೊಳಗೆ ಹುದುಗಿರುವ ಮರುವಾಯಿಗೆ ಇಂತಹ ಕಣ್ಣುಗಳಿಂದ ಪ್ರಯೋಜನವಿಲ್ಲ; ಬಯಲಿನಲ್ಲಿರುವ ಸ್ಕ್ಯಾಲಪ್ಪಿಗೆ ಇದೆ. ದೊಡ್ಡ ಸ್ನಾಯು, ರಬ್ಬರಿನಂತಹ ಕೀಲು, ಸಾಲುಗಣ್ಣುಗಳು ಎಂಬ ಮೂರು ಬೇರೆ ಬೇರೆ ಅಂಶಗಳು ಹೀಗೆ ಒಂದೇ ಕಾರಣಕ್ಕೆ ಬಂದು ಸೇರುತ್ತವೆ.

ಹುಲ್ಲಿನ ಋಣ

ಬೆಳೆದ ಸ್ಕ್ಯಾಲಪ್ ಓಡಬಲ್ಲದು, ನೋಡಬಲ್ಲದು. ಆದರೆ ಮರಿಯ ಪಾಡೇನು? ಇದನ್ನು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಬೇ ಸ್ಕ್ಯಾಲಪ್ ಎಂಬ ಪ್ರಭೇದದ ಬಾಳಿನಿಂದ ತಿಳಿಯಬಹುದು. ನೀಲಿ ಕಣ್ಣುಗಳ ಈ ಪ್ರಾಣಿಯು ಉಭಯಲಿಂಗಿ. ಒಂದೇ ಜೀವಿಯು ಅಂಡಾಣುಗಳನ್ನೂ ವೀರ್ಯಾಣುಗಳನ್ನೂ ನೀರಿಗೆ ಬಿಡುತ್ತದೆ. ನಿಷೇಚನೆ ನೀರಿನಲ್ಲಿಯೇ ನಡೆಯುತ್ತದೆ. ಹುಟ್ಟಿದ ಲಾರ್ವಾಗಳು ಕೆಲವು ದಿನ ಪ್ಲವಕಗಳಾಗಿ ತೇಲಿ, ಬಳಿಕ ನೆಲೆಯನ್ನು ಅರಸುತ್ತವೆ. ಈ ಹಂತದಲ್ಲಿ ಅವು ಕಲ್ಲುಮ್ಮಕ್ಕಾಯಿಯಂತೆ ಎಳೆಗಳನ್ನು ಸ್ರವಿಸಿ, ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ಎಲೆಗಳಿಗೆ ಅಂಟಿಕೊಳ್ಳುತ್ತವೆ. ತಳದ ಮೇಲೆ ಸಂಚರಿಸುವ ಏಡಿಗಳಿಗೆ ಆ ಎತ್ತರ ಸುಲಭವಾಗಿ ಎಟುಕುವುದಿಲ್ಲ. ತಕ್ಕಮಟ್ಟಿಗೆ ಬೆಳೆದ ಮೇಲೆ ಎಳೆಗಳನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಅಡಗದೆ ಬದುಕುವ ಪ್ರಾಣಿಯು ಬಾಲ್ಯದಲ್ಲಿ ಮಾತ್ರ ಹುಲ್ಲಿನ ಆಸರೆಯನ್ನು ಬೇಡುತ್ತದೆ.

ಬೇ ಸ್ಕ್ಯಾಲಪ್ಪಿನ ಆಯುಷ್ಯ ಸುಮಾರು ಎರಡು ವರ್ಷಗಳಷ್ಟೇ. ಹೆಚ್ಚಿನವು ಬಾಳಿನಲ್ಲಿ ಒಂದೇ ಸಲ ಸಂತಾನೋತ್ಪತ್ತಿ ಮಾಡುತ್ತವೆ. ಆದುದರಿಂದ ಒಂದು ವರ್ಷದ ಮರಿಗಳು ನಾಶವಾದರೆ ಮುಂದಿನ ವರ್ಷ ಮೊಟ್ಟೆಯಿಡುವ ಪೀಳಿಗೆಯೇ ಇರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಪೂರ್ವ ತುದಿಯಲ್ಲಿರುವ ಪಿಕಾನಿಕ್ ಕೊಲ್ಲಿಯಲ್ಲಿ 1985ರಲ್ಲಿ ಒಂದು ಬಗೆಯ ಸೂಕ್ಷ್ಮ ಶೈವಲವು ಮಿತಿಮೀರಿ ಬೆಳೆದು ನೀರು ಕಂದು ಬಣ್ಣಕ್ಕೆ ತಿರುಗಿತು. ಅಲ್ಲಿನ ಹೆಸರಾಂತ ಸ್ಕ್ಯಾಲಪ್ ಮೀನುಗಾರಿಕೆ ಅದರಿಂದ ಕುಸಿದುಬಿದ್ದಿತು.

ಇದಕ್ಕೂ ಹಿಂದಿನ ಇನ್ನೊಂದು ಘಟನೆಯನ್ನು ತರಗತಿಯಲ್ಲಿ ವಿವರವಾಗಿ ಹೇಳುವುದು ಯೋಗ್ಯ. 1930ರ ದಶಕದ ಆರಂಭದಲ್ಲಿ ಉತ್ತರ ಅಟ್ಲಾಂಟಿಕ್ಕಿನ ಕರಾವಳಿಗಳಲ್ಲಿ ಈಲ್‌ಗ್ರಾಸಿಗೆ ಕ್ಷಯಿಸುವ ರೋಗವೊಂದು ತಗಲಿತು. ವರ್ಜೀನಿಯಾ ರಾಜ್ಯದ ಕರಾವಳಿಯ ಕೊಲ್ಲಿಗಳಲ್ಲಿ ರೋಗದಿಂದ ಅಳಿದುಳಿದ ಹುಲ್ಲನ್ನು 1933ರ ಆಗಸ್ಟ್ ತಿಂಗಳ ಚಂಡಮಾರುತವು ಕಿತ್ತೊಗೆಯಿತು. ಹುಲ್ಲು ಹೋದೊಡನೆ ಬೇ ಸ್ಕ್ಯಾಲಪ್ ಅಲ್ಲಿಂದ ಕಣ್ಮರೆಯಾಯಿತು. ಅದನ್ನು ನಂಬಿದ್ದ ಮೀನುಗಾರಿಕೆಯೂ ನಿಂತಿತು. ರೋಗ ತಗಲಿದ್ದು ಹುಲ್ಲಿಗೆ, ಸ್ಕ್ಯಾಲಪ್ಪಿಗಲ್ಲ. ಸ್ಕ್ಯಾಲಪ್ ಆ ಹುಲ್ಲನ್ನು ತಿನ್ನುವುದೂ ಇಲ್ಲ. ಆಹಾರ ಸರಪಳಿಯ ಚಿತ್ರದಲ್ಲಿ ಈ ಎರಡರ ನಡುವೆ ಬಾಣದ ಗುರುತನ್ನು ಹಾಕಲು ಬರುವುದಿಲ್ಲ. ಜೀವಿಗಳ ಸಂಬಂಧವೆಂದರೆ ತಿನ್ನುವ ಮತ್ತು ತಿನ್ನಿಸಿಕೊಳ್ಳುವ ಸಂಬಂಧ ಮಾತ್ರವಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಆ ಕೊಲ್ಲಿಗಳು ಹಲವು ದಶಕಗಳ ಕಾಲ ಬರಿದಾಗಿಯೇ ಉಳಿದವು. ಹತ್ತಿರದಲ್ಲಿ ಬೀಜ ಬರುವ ಹುಲ್ಲುಗಾವಲು ಇರಲಿಲ್ಲ. ಕಡಲಹುಲ್ಲು ಪಾಚಿಯಲ್ಲ, ಹೂ ಬಿಟ್ಟು ಬೀಜ ಕಟ್ಟುವ ಸಸ್ಯ. ಆದುದರಿಂದ ಅದನ್ನು ಬಿತ್ತಬಹುದು. ವರ್ಜೀನಿಯಾದ ಸಮುದ್ರ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಸ್ವಯಂಸೇವಕರೂ ಸುಮಾರು ಎರಡು ದಶಕಗಳ ಅವಧಿಯಲ್ಲಿ 7 ಕೋಟಿಗೂ ಹೆಚ್ಚು ಬೀಜಗಳನ್ನು ಬಿತ್ತಿದರು. ಬಿತ್ತಿದ್ದು ಇನ್ನೂರಕ್ಕೆ ತುಸು ಮೀರಿದ ಹೆಕ್ಟೇರ್‌ಗಳಲ್ಲಿ. ಹುಲ್ಲು ತಾನಾಗಿ ಹಬ್ಬಿ 3,600 ಹೆಕ್ಟೇರ್‌ಗಳನ್ನು ಆವರಿಸಿತು. ಹುಲ್ಲು ನೆಲೆಯೂರಿದ ಮೇಲೆ ಬೇ ಸ್ಕ್ಯಾಲಪ್‌ಗಳನ್ನು ಅಲ್ಲಿಗೆ ಮರಳಿ ತಂದು ಬಿಡಲಾಯಿತು. ಮೊದಲು ಹುಲ್ಲು, ಆಮೇಲೆ ಚಿಪ್ಪು ಎಂಬ ಈ ಕ್ರಮವನ್ನು ಮಕ್ಕಳು ಗಮನಿಸಬೇಕು. ನಮ್ಮ ದೇಶದಲ್ಲಿಯೂ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಕಡಲಹುಲ್ಲಿನ ಬಯಲುಗಳಿವೆ. ಅವುಗಳನ್ನು ಮೇಯುವ ಕಡಲಹಸುವಿಗಾಗಿ 2022ರಲ್ಲಿ ಅಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಗಿದೆ.

ತರಗತಿಯಲ್ಲಿ

ಈ ಪಾಠಕ್ಕೆ ಪ್ರಯೋಗಾಲಯ ಬೇಕಿಲ್ಲ, ಸಮುದ್ರವೂ ಬೇಕಿಲ್ಲ. ಮುಂದಿನ ಮೂರು ಚಟುವಟಿಕೆಗಳನ್ನು ಯಾವ ಶಾಲೆಯಲ್ಲಿಯಾದರೂ ನಡೆಸಬಹುದು.

ಒಂದು: ದಪ್ಪ ರಟ್ಟನ್ನು ನಡುವೆ ಮಡಿಸಿ, ಮಡಿಕೆಯ ಒಳಗೆ ಮೆತ್ತನೆಯ ರಬ್ಬರಿನ ಚಿಕ್ಕ ತುಂಡನ್ನು ಅಂಟಿಸಬೇಕು. ಬೆರಳುಗಳಿಂದ ಒತ್ತಿದರೆ ರಟ್ಟು ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಇಲ್ಲಿ ಸ್ನಾಯು ಯಾವುದು, ಕೀಲಿನ ಗುಬುಟು ಯಾವುದು ಎಂದು ಮಕ್ಕಳೇ ಹೇಳಲಿ.

ಎರಡು: ಗಾಳಿ ತುಂಬಿದ ಬಲೂನಿನ ಬಾಯಿಯನ್ನು ಕಟ್ಟದೆ ಬಿಡಬೇಕು. ಗಾಳಿ ಹೋಗುವ ದಿಕ್ಕನ್ನೂ ಬಲೂನು ಹೋಗುವ ದಿಕ್ಕನ್ನೂ ಗುರುತಿಸಿ, ಸ್ಕ್ಯಾಲಪ್ಪಿನ ಈಜಿಗೆ ಹೋಲಿಸಲಿ.

ಮೂರು: ಹೊಳೆಯುವ ಸ್ಟೀಲ್ ಚಮಚದ ತಗ್ಗಾದ ಬದಿಯಲ್ಲಿ ಮಕ್ಕಳು ತಮ್ಮ ಮುಖವನ್ನು ನೋಡಲಿ. ಬಿಂಬವು ತಲೆಕೆಳಗಾಗಿ ಕಾಣುತ್ತದೆ. ಮೈಕೆಲ್ ಲ್ಯಾಂಡ್ ಅವರ ಊಹೆಗೆ ಆಧಾರವಾದದ್ದೂ ಇಂತಹ ಬಿಂಬವೇ ಎಂಬುದನ್ನು ಆಗ ಹೇಳಿದರೆ, ಒಂದು ಶೋಧನೆಯ ಹಿಂದಿನ ತರ್ಕ ಅವರ ಕಣ್ಣೆದುರಿಗೆ ಬರುತ್ತದೆ.

ಮೌಲ್ಯಮಾಪನದಲ್ಲಿ "ಸ್ಕ್ಯಾಲಪ್ಪಿನ ಲಕ್ಷಣಗಳನ್ನು ಪಟ್ಟಿ ಮಾಡಿ" ಎಂಬ ಪ್ರಶ್ನೆಯನ್ನು ಕೇಳದಿರುವುದು ಒಳ್ಳೆಯದು. ಅದರ ಬದಲು ಹೀಗೆ ಕೇಳಬಹುದು: ಸ್ಕ್ಯಾಲಪ್ಪಿಗೆ ಸಾಲುಗಣ್ಣುಗಳಿದ್ದು ಮರುವಾಯಿಗೆ ಇಲ್ಲದಿರುವುದು ಏಕೆ? ಕೀಲಿನ ಗುಬುಟು ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಂಡರೆ ಏನಾಗುತ್ತದೆ? ಹುಲ್ಲನ್ನು ತಿನ್ನದ ಪ್ರಾಣಿಯು ಹುಲ್ಲು ಒಣಗಿದಾಗ ಅಳಿದದ್ದು ಹೇಗೆ? ಪ್ರತಿ ಉತ್ತರದಲ್ಲಿಯೂ "ಏಕೆಂದರೆ" ಅಥವಾ "ಆದ್ದರಿಂದ" ಎಂಬ ಪದವು ಒಂದು ಸಲವಾದರೂ ಬರಬೇಕೆಂದು ನಿಯಮ ಮಾಡಬಹುದು. ಮೊದಲ ಉತ್ತರವು ಮನೆಮಾತಿನಲ್ಲಿ ಬಂದರೆ ತಡೆಯಬೇಕಾಗಿಲ್ಲ. ವಿಚಾರವು ಸರಿಯಾಗಿ ಕೂಡಿಬಂದ ಮೇಲೆ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ, ಬರೆಯಿಸಬೇಕು. ಕಾರಣವನ್ನು ಒಮ್ಮೆ ಕನ್ನಡದಲ್ಲಿ ಕಟ್ಟಿ ಹೇಳಿದ ಮಗು ಮುಂದಿನ ಪಾಠದಲ್ಲಿ "ಏಕೆ" ಎಂದು ತಾನಾಗಿಯೇ ಕೇಳುತ್ತದೆ. ಆ ಪ್ರಶ್ನೆಗೆ ಸಮಯವನ್ನು ಕಾದಿರಿಸುವುದು ಶಿಕ್ಷಕರ ಹೊಣೆ.